ಕೋಳಿಗೂಡು ಎನಿಸಿಕೊಂಡ ಸಬ್‌ವೂಫರ್ ಪೆಟ್ಟಿಗೆಯ ಬಗ್ಗೆ

ಮಾನ್ಯ ಓದುಗರೇ, ನನ್ನ ಕಾಗುಣಿತವೂ ಕೈಬರಹವೂ ಸರಿಯಿಲ್ಲವಾದ್ದರಿಂದ ಮೊದಲಿಗೇ ಕ್ಷಮೆ ಕೋರುತ್ತೇನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹೊಳೆನರಸೀಪುರದ ನಮ್ಮ ಮನೆಯ ಜಗಲಿಯಲ್ಲಿ ಪ್ಲೈವುಡ್ ಕೊಯ್ದು, ನಮ್ಮ ಆರ್ಕೆಸ್ಟ್ರಾಕ್ಕೆಂದು ನಾನೇ ಆ ಸ್ಪೀಕರ್ ಪೆಟ್ಟಿಗೆ ಮಾಡಿದ್ದೆ. ಹಾಸನದಲ್ಲಿ ಅದನ್ನು ಕಂಡ ತಂಡದ ಯಜಮಾನರು ಎಲ್ಲರೆದುರು, "ಇದೇನ್ಲಾ, ಕೋಳಿಗೂಡು ತಂದ್ಬುಟ್ಟಿದ್ದೀಯ?" ಎಂದು ನಕ್ಕರು. ಆದರೆ ಅದರ ಸದ್ದು ಕೇಳಿದ ಮೇಲೆ, ನಾನು ಟೀ ಕುಡಿದು ಬರುವಷ್ಟರಲ್ಲಿ, ಗುಟ್ಟಾಗಿ ಟೇಪು ಹಿಡಿದು ಹೊರಗಿನ ಅಳತೆ ಬರೆದುಕೊಳ್ಳುತ್ತಿದ್ದರು. ಬಾಗಿಲಲ್ಲೇ ನಿಂತು ನೋಡಿದೆ. ವಾರದೊಳಗೆ ಅರಕಲಗೂಡಿನ ಬಡಗಿಯಿಂದ ಅಂಥದ್ದೇ ಮಾಡಿಸಿ, ನನ್ನನ್ನು ತಂಡದಿಂದ ಕೈಬಿಟ್ಟರು.

ಮುಂಭಾಗದ ತೂತಿನ ಹಿಂದೆ, ಪೆಟ್ಟಿಗೆಯ ಒಳಗೆ, ನಾನು ಮೊಳದುದ್ದದ ಪೈಪು ಕೂರಿಸಿದ್ದೆ. ಸದ್ದಿಗೆ ಗುಡುಗು ಬರುವುದೇ ಅದರಿಂದ. ಅವರು ತೂತನ್ನಷ್ಟೇ ಕೊರೆಸಿದ್ದರು.

ಚನ್ನರಾಯಪಟ್ಟಣದ ಆರತಕ್ಷತೆಯಲ್ಲಿ ಅವರ ಪೆಟ್ಟಿಗೆ ಗೊರಗೊರ ಎಂದಿತು. ವೇದಿಕೆಯಿಂದಲೇ ನನಗೆ ಯಜಮಾನರ ಫೋನು ಬಂತು.

"ಏನ್ಲಾ ಕಮ್ಮಿ ಆಗೈತೆ ಇದ್ರಲ್ಲಿ? ಬೇಗ ಯೋಳ್ಲಾ!"

"ಒಳೀಕೆ ಕೋಳಿ ಬಿಡೋದ ಮರ್ತ್ಬುಟ್ಟಿದ್ದೀರ ಸಾ," ಎಂದು ಫೋನಿಟ್ಟೆ.

ಆ ದಿನ ಹೊಟ್ಟೆತುಂಬ ಉಂಡೆ.

ಈ ಬರಹದಲ್ಲಿ ಕಂಡ ತಪ್ಪುಗಳನ್ನು ದಯಮಾಡಿ ತಿದ್ದಬೇಕಾಗಿ ವಿನಂತಿ. ಅವರ ಪೆಟ್ಟಿಗೆಯ ತಪ್ಪನ್ನು ಮಾತ್ರ ಯಾರೂ ತಿದ್ದಬಾರದು.