ವಾರಿಜಕ್ಕ ತೆಗೆದ ಕಾಡುದಾರಿ

ಕೂರಲು ಜಾಗ ಕಂಡರೆ ವಾರಿಜಕ್ಕ ಸುಮ್ಮನೆ ದಾಟಿ ಹೋದವರಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆ, ಅಂಗಡಿಯ ಮೆಟ್ಟಿಲು, ಕಾಡಿನ ಬಂಡೆ, ಎಲ್ಲವೂ ಅವರಿಗೆ ಆಗುತ್ತಿತ್ತು. "ಸ್ವಲ್ಪ ಕೂತುಕೊಳ್ಳುವ ಮಾರಾಯ್ತಿ, ದಾರಿ ಎಂತ ಓಡಿಹೋಗ್ತದಾ?" ಎನ್ನುತ್ತಿದ್ದರು. ಮಣಿಪಾಲದ ಆಸ್ಪತ್ರೆಯಲ್ಲಿ ನಾವಿಬ್ಬರೂ ನರ್ಸುಗಳು. ಅವರು ನನಗಿಂತ ಬಹಳ ಹಿರಿಯರು. ಅಷ್ಟು ವರ್ಷ ವಾರ್ಡಿನಲ್ಲಿ ನಿಂತ ಕಾಲುಗಳಿಗೆ ಬೇರೇನು ಆಸೆ ಇದ್ದೀತು?

ಅಂಥವರು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಯಾರದೋ ಹಳೆಯ ಕ್ಯಾಮೆರಾ ಕೊಂಡು, ರಜೆಯ ದಿನ ನನ್ನನ್ನೂ ಎಳೆದುಕೊಂಡು ಕಾರ್ಕಳದ ಬಸ್ಸು ಹತ್ತಿದರು. ಅಲ್ಲಿಂದ ಘಟ್ಟದ ಬುಡದ ಮಾಳಕ್ಕೆ. ಘಟ್ಟದ ಮೇಲಿನಿಂದ ಕಾಡಿನೊಳಗೆ ಇಳಿದು ಬರುವ ಒಂದು ಕಾಲುದಾರಿ ಅಲ್ಲಿತ್ತು. ಅವರ ಅಮ್ಮ ಮದುವೆಯಾಗಿ ಗಂಡನ ಮನೆಗೆ ನಡೆದು ಬಂದದ್ದು ಅದರಲ್ಲೇ. ಈಗ ಆ ಅಮ್ಮ ಪಾರ್ಶ್ವವಾಯು ಬಡಿದು ಅಂಬಲಪಾಡಿಯ ಮನೆಯಲ್ಲಿ ಮಲಗಿದ್ದರು. ಆ ದಾರಿಯನ್ನು ಒಮ್ಮೆ ನೋಡಬೇಕು ಎಂಬುದೊಂದೇ ಅವರ ಬಾಯಲ್ಲಿ.

ಜಿಗಣೆ ಇಲ್ಲ ಎಂಬುದನ್ನು ಬಿಟ್ಟರೆ ಬೇಸಿಗೆಯ ಕಾಡಿನಲ್ಲಿ ಯಾವ ಸುಖವೂ ಇಲ್ಲ. ತರಗೆಲೆಯ ಮೇಲೆ ಕಾಲು ಜಾರುತ್ತಿತ್ತು. ಜೀರುಂಡೆಯ ಸದ್ದಿಗೆ ತಲೆ ಭಾರವಾಗುತ್ತಿತ್ತು. ವಾರಿಜಕ್ಕ ಅಲ್ಲಲ್ಲಿ ಕೂತು, ಎದ್ದು, ಅಂತೂ ರೋಲು ಮುಗಿಸಿದರು. ಉಡುಪಿಯ ಸ್ಟುಡಿಯೋದಲ್ಲಿ ತೊಳೆಸಿ ನೋಡಿದರೆ ಬಿಸಿಲು ಬಿದ್ದಲ್ಲೆಲ್ಲ ಸುಣ್ಣದ ಬಿಳಿ, ಉಳಿದದ್ದೆಲ್ಲ ಕಪ್ಪು. ಅಮ್ಮ ಫೋಟೋವನ್ನು ಸರಿಸಿಬಿಟ್ಟರು. "ಇದು ಯಾವ ಕಾಡೋ. ದಾರಿ ಎಲ್ಲಿ ಉಂಟು?"

ಮತ್ತೆ ಹೋದೆವು. ಸೂರ್ಯ ಮರದ ಮೇಲೆ ಬರುವ ಮೊದಲೇ ಅಲ್ಲಿರಬೇಕೆಂದು ಹಿಂದಿನ ದಿನವೇ ಮಾಳದ ಪರಿಚಯದವರ ಮನೆಯಲ್ಲಿ ಉಳಿದೆವು. "ಜನ ಇಲ್ಲದಿದ್ದರೆ ಅದು ದಾರಿ ಅಂತ ಗೊತ್ತಾಗುದಿಲ್ಲ. ನೀನು ತಲೆ ಮೇಲೆ ಗಂಟು ಇಟ್ಟುಕೊಂಡು ಇಳಿದು ಬಾ" ಎಂದರು ವಾರಿಜಕ್ಕ. ಎಷ್ಟು ಸಲ ಹತ್ತಿಸಿ ಇಳಿಸಿದರೋ! ಕೊನೆಗೆ ಸಾಕಾಗಿ, ತಲೆತಗ್ಗಿಸಿ ಕಾಲೆಳೆಯುತ್ತ ಬಂದದ್ದೇ ಅವರಿಗೆ ಬೇಕಾದ ಫೋಟೋ ಆಯಿತು.

ಅಮ್ಮ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ತುಳುವಿನಲ್ಲಿ "ಉಂದು ಯಾನೇ" ಎಂದರು. ಇದು ನಾನೇ, ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ವಾರಿಜಕ್ಕ ನನ್ನ ಕೈ ಅದುಮಿದರು.

"ಈ ತಿರುವಿನಲ್ಲಿ ಕೂತು ಅತ್ತಿದ್ದೆ" ಎಂದರು ಅಮ್ಮ. "ಗಂಡನ ಕಡೆಯವರೆಲ್ಲ ಮುಂದೆ ಹೋಗಿದ್ದರು. ತಿರುಗಿ ಅಪ್ಪನ ಮನೆಗೆ ಹೋಗಿಬಿಡುವ ಅಂತ ಇತ್ತು. ಆದರೆ ಹತ್ತಲಿಕ್ಕೆ ಕಾಲಿನಲ್ಲಿ ಶಕ್ತಿ ಇರಲಿಲ್ಲ. ಹಾಗಾಗಿ ಇಳಿದೆ."

ವಾರಿಜಕ್ಕ ಮಂಚದ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟರು. ಗೇಟಿನವರೆಗೆ ನನ್ನನ್ನು ಬಿಡಲು ಬಂದಾಗ, "ಅಷ್ಟು ಆಯಾಸ ಆಗದಿರುತ್ತಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ, ಅಲ್ವಾ?" ಎಂದರು. ನಗಲು ನೋಡಿದರು, ಆಗಲಿಲ್ಲ.

ಆ ಮಳೆಗಾಲದಲ್ಲೇ ಅಮ್ಮ ತೀರಿಕೊಂಡರು. ನಿವೃತ್ತಿಯಾದ ಮೇಲೆ ವಾರಿಜಕ್ಕ ಕಾಪುವಿನಲ್ಲಿ ತಂಗಿಯ ಜೊತೆ ಇದ್ದರು. ಕೊನೆಯ ಸಲ ಸಿಕ್ಕಿದ್ದು ಉಡುಪಿಯಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ, ಒಂದು ಏಪ್ರಿಲ್‌ನಲ್ಲಿ. ಮುಖ ಬಾಡಿ ಸಣ್ಣಗಾಗಿತ್ತು. "ಮಾಳಕ್ಕೆ ಹೋಗುವನಾ ಅಕ್ಕ?" ಎಂದು ಕೇಳಿದೆ.

"ನೀನು ಹೋಗು. ನನಗೆ ನಿದ್ದೆ ಬರ್ತಾ ಉಂಟು" ಎಂದು ನನ್ನ ಭುಜಕ್ಕೆ ತಲೆ ಆನಿಸಿದರು. ಕಾಪು ಬಂದಾಗ ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಕಂಡಕ್ಟರನೇ ಕೂಗಿ ಎಬ್ಬಿಸಿದ. ಕಂಬಿ ಹಿಡಿದು ನಿಧಾನ ಇಳಿದರು. ಸೀಟಿನಲ್ಲಿ ಅವರ ಬೆವರಿನ ಗುರುತು ಪಡುಬಿದ್ರೆಯವರೆಗೂ ಆರಲಿಲ್ಲ.