ಹೆಂಗಸರ ಕೂಟದಲ್ಲಿ ಹೇಳದೆ ಬಂದದ್ದು

ನನ್ನ ಮೊಮ್ಮಗಳಿಗೆ ಈಗ ಮೂರು ತಿಂಗಳು. ನಾನು ನಾಲ್ಕನೇ ಇಯತ್ತೆವರೆಗೆ ಓದಿದವಳು. ಆ ಕೂಸು ಆಕಳಿಸಿದರೆ ಎಷ್ಟು ಚಂದ ಎಂದು ಬರೆಯಲು ನನ್ನ ಹತ್ತಿರ ಮಾತಿಲ್ಲ. ಕಮಲಾಪುರದಿಂದ ಬೆಳಗಿನ ಬಸ್ಸು ಹಿಡಿದು ಕಲಬುರಗಿಗೆ ಹೋಗಿ, ಜೇವರ್ಗಿ ಕಾಲೋನಿಯ ಮಗನ ಮನೆಯಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ನೀರೆರೆಯುತ್ತೇನೆ. ಸೊಸೆಗೆ ತಾಯಿ ಇಲ್ಲ, ಅದಕ್ಕೇ ನನ್ನನ್ನು ಕರೆದರು. ಇದ್ದಿದ್ದರೆ ಕರೆಯುತ್ತಿದ್ದರೋ ಇಲ್ಲವೋ. ಸೊಸೆ ಬಸುರಿ ಎಂಬುದೇ ನನಗೆ ಏಳನೇ ತಿಂಗಳಲ್ಲಿ ತಿಳಿದದ್ದು.

ತಪ್ಪು ನನ್ನದೇ. ಮಗ ಕಾಲೇಜು ಓದುವಾಗ ಒಂದು ದಿನ ರೊಟ್ಟಿ ತಿನ್ನುತ್ತಾ, "ಅವ್ವಾ, ಪ್ರಾರ್ಥನಿ ಮಾಡುವಾಗ ಆ ಕಡಿ ಯಾರೂ ಇಲ್ಲ ಅನಸ್ತದ. ಯಾರ ಮುಂದೂ ಹೇಳಬ್ಯಾಡ ಮತ್ತ" ಎಂದ. ಕಷ್ಟ ಬಂದರೆ ನಮ್ಮ ಚರ್ಚಿನ ಜನ ಮಾಡುವುದು ಒಂದೇ, ಪ್ರಾರ್ಥನೆ ಕೂಟದಲ್ಲಿ ಎದ್ದು ನಿಂತು ಅದನ್ನು ಎಲ್ಲರ ಪ್ರಾರ್ಥನೆಗೆ ಕೊಡುವುದು. ಶುಕ್ರವಾರ ಹೆಂಗಸರ ಕೂಟದಲ್ಲಿ ಅಳುತ್ತಾ ಹೇಳಿಬಿಟ್ಟೆ. ಭಾನುವಾರ ಪಾಸ್ಟರು ಅವನ ಹೆಸರು ಹಿಡಿದು, ದಾರಿ ತಪ್ಪಿದ ಈ ತಮ್ಮನನ್ನು ಮರಳಿ ಕರೆದುಕೋ ಎಂದು ದೊಡ್ಡ ದನಿಯಲ್ಲಿ ಪ್ರಾರ್ಥಿಸಿದರು. ಕಣ್ಣು ಮುಚ್ಚಬೇಕಾದ ಜನ ತಿರುಗಿ ಅವನನ್ನೇ ನೋಡಿದರು.

ಅವನು ಎದ್ದು ಹೋದ. ಮತ್ತೆ ಚರ್ಚಿಗೆ ಬರಲಿಲ್ಲ. ನನ್ನ ಹತ್ತಿರ ಮನಸ್ಸಿನ ಮಾತೂ ಆಡಲಿಲ್ಲ. ಹದಿನಾಲ್ಕು ವರ್ಷ ಫೋನಿನಲ್ಲಿ, ಉಂಡಿ? ಆರಾಮ ಇದ್ದಿ? ಅಷ್ಟೇ. ನಮ್ಮ ಮನೆಯವರು ಸಾಯುವಾಗ, ಮಗ ಒಂದು ಸಲ ಕರ್ತನ ಪ್ರಾರ್ಥನೆ ಹೇಳಲಿ ಎಂದು ಕಾದರು. ಅವನು ಪಕ್ಕದಲ್ಲಿ ಕೂತ, ಕೈ ಹಿಡಿದ, ಬಾಯಿ ತೆರೆಯಲಿಲ್ಲ.

ಹೋದ ಬುಧವಾರ ಕೂಸಿನ ಮೈ ಒರೆಸುತ್ತಿದ್ದೆ. ಮಗ ಬಾಗಿಲಲ್ಲಿ ಬಂದು ನಿಂತ.

"ಅವ್ವಾ, ಕೂಸಿನ ಹಾರ್ಟಿನ್ಯಾಗ ತೂತ ಅದ ಅಂತ ಡಾಕ್ಟರ್ ಹೇಳ್ಯಾರ. ತಾನೇ ಮುಚ್ಚಿದ್ರ ಮುಚ್ಚೀತು. ಇಲ್ಲಂದ್ರ ಆಪರೇಷನ್." ಒಳಗೆ ಬಂದು ಕೂಸಿನ ಅಂಗಿ ನನ್ನ ಕೈಗೆ ಕೊಡುತ್ತಾ, "ಇದನ್ನ ಕೂಟಕ್ಕ ಒಯ್ಯಬ್ಯಾಡ" ಎಂದ.

ಕೂಸು ನನ್ನ ಬೆರಳು ಹಿಡಿದು ನಗುತ್ತಿತ್ತು. ಹೆದರಿಕೆಯಾಯಿತು. ಹೇಳಲು ನಾಚಿಕೆ, ಅದರ ಜೊತೆಗೇ ಸಂತೋಷವೂ ಆಯಿತು. ಇಷ್ಟು ವರ್ಷದ ಮೇಲೆ ಮಗ ನನಗೊಂದು ಮಾತು ಹೇಳಿದ್ದ.

ಶುಕ್ರವಾರ ಕೂಟದಲ್ಲಿ ನಮ್ಮ ಓಣಿಯ ಅಕ್ಕ, "ಅಜ್ಜಿ ಆದ ಮ್ಯಾಲ ಇಕಿ ಕಾಲ ನೆಲದ ಮ್ಯಾಲ ನಿಂದರವಲ್ಲವು ನೋಡ್ರಿ. ಒಂದೊಂದು ನಮ್ಮೂರ ಕೆಂಪ ಬಾಳಿಹಣ್ಣರೆ ಹಂಚವಾ, ಜಿಪುಣಿ!" ಎಂದು ನಗಿಸಿದಳು.

ಪಾಸ್ಟರ ಹೆಂಡತಿ ನನ್ನತ್ತ ತಿರುಗಿ, "ಪ್ರಾರ್ಥನಿಗಿ ಏನರೆ ಅದ ಏನ್ರಿ?" ಎಂದು ಕೇಳಿದರು.

ಎದ್ದು ನಿಂತೆ. ಇಷ್ಟು ಜನ ಕೂಡಿ ಬೇಡಿದರೆ ದೇವರು ಕೇಳುತ್ತಾನೆ ಎಂದು ನಂಬಿಯೇ ಮುದುಕಿಯಾದವಳು ನಾನು. ನಾನೊಬ್ಬಳೇ ಬೇಡಿ, ಕೂಸಿಗೆ ಏನಾದರೂ ಆದರೆ?

"ಕೂಸು ಚಂದ ಅದ. ದೇವರಿಗಿ ಸ್ತೋತ್ರ" ಎಂದು ಕೂತೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ಮಗನ ಫೋನು ಬಂತು.

"ಹೇಳ್ದಿ ಏನ?"

"ಇಲ್ಲಪ್ಪಾ."

ಅವನು ಫೋನು ಇಡಲಿಲ್ಲ. "ನನಗ ಅಂಜಿಕಿ ಆಗಾಕತ್ತದ, ಅವ್ವಾ" ಎಂದ.

ಪ್ರಾರ್ಥನೆ ಮಾಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ನನಗೂ ಆಗಾಕತ್ತದಪ್ಪಾ" ಎಂದೆ.