ಪೊರ್ಬುಗಳ ಬಕಲ್ ಮತ್ತು ನನ್ನ ಬಿಂಬುಳಿ

ಮೊನ್ನೆ ಪಡೀಲಿನ ನಮ್ಮ ಫ್ಲ್ಯಾಟಿಗೆ ಕೆಳಗಿನ ಮನೆಯವರು ಒಂದು ಚೀಲ ಬಿಂಬುಳಿ ತಂದುಕೊಟ್ಟರು. ಮರದ ಮೈಗೇ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬೆಳೆಯುವ, ನೋಡಿದರೇ ಹಲ್ಲು ಜುಮ್ಮೆನ್ನುವ ಹುಳಿ ಕಾಯಿ ಅದು. ಉಪ್ಪಿನಕಾಯಿಗೆಂದು ಹೆಚ್ಚುತ್ತ ಕೂತೆ. ಹತ್ತು ಕಾಯಿ ಮುಗಿಯುವಷ್ಟರಲ್ಲಿ ಆ ಹಸಿ ಹುಳಿಯ ವಾಸನೆ ಮೂಗಿಗೇರಿತು, ಕೈಯಲ್ಲಿದ್ದ ಚೂರಿ ಕೆಳಗಿಟ್ಟೆ. ಇಪ್ಪತ್ತು ವರ್ಷ ದಾಟಿದೆ... ಈಗಲೂ ಆ ವಾಸನೆ ಬಂದರೆ ಮೊದಲು ಹೆದರಿಕೆಯಾಗುತ್ತದೆ, ಆಮೇಲೆ ನಗು ಬರುತ್ತದೆ.

ಆಗ ನಾವು ಫಳ್ನೀರಿನಲ್ಲಿ ಬಾಡಿಗೆಗಿದ್ದೆವು. ಮದುವೆಯಾಗಿ ಆರು ತಿಂಗಳಾಗಿತ್ತಷ್ಟೆ. ಮನೆಯ ಯಜಮಾನರು ಅದೇ ಕಂಪೌಂಡಿನ ಹೆಂಚಿನ ಮನೆಯಲ್ಲಿ ಹೆಂಡತಿಯ ಜೊತೆ ಇದ್ದರು. ತುಳು ಮಾತಾಡುವ ನಾವು ಕ್ಯಾಥೊಲಿಕ್ ಹಿರಿಯರನ್ನು ಪೊರ್ಬುಗಳು ಎನ್ನುತ್ತೇವೆ, ಅವರ ಹೆಂಡತಿಯನ್ನು ಬಾಯಮ್ಮ ಎನ್ನುತ್ತೇವೆ. ನನಗೆ ಅವರು ಕೊನೆಯವರೆಗೂ ಪೊರ್ಬುಗಳೇ.

ಪೊರ್ಬುಗಳು ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಫಿಟ್ಟರ್ ಆಗಿದ್ದವರು. ಒಮ್ಮೆ ಹಡಗು ಕೆಟ್ಟು ಅಮೆರಿಕದ ಯಾವುದೋ ಬಂದರಿನಲ್ಲಿ ಎರಡು ತಿಂಗಳು ನಿಂತಿತಂತೆ. ಹೊತ್ತು ಹೋಗದೆ ಒಂದು ಹಳೆ ಸಾಮಾನಿನ ಅಂಗಡಿಗೆ ಹೊಕ್ಕವರು ಅಲ್ಲಿನ ಅಂತರ್ಯುದ್ಧದ ಒಬ್ಬ ಸಿಪಾಯಿಯ ಕೋಟಿನ ಗುಂಡಿ ಕೊಂಡು ಬಂದರು. ಅಲ್ಲಿಗೆ ಹಿಡಿದ ಹುಚ್ಚು ಬಿಡಲಿಲ್ಲ. ಮುಂದಿನ ಪ್ರತಿ ಪ್ರಯಾಣದಲ್ಲೂ ಏನಾದರೊಂದು ಬಂತು... ಗುಂಡಿಗಳು, ಸೀಸದ ಗುಂಡುಗಳು, ನೀರು ಕುಡಿಯುವ ತಗಡಿನ ಡಬ್ಬಿ, ಕುದುರೆಯ ಲಗಾಮಿನ ಕೊಂಡಿ. ಬೇರೆಯವರು ಹಡಗಿನಿಂದ ಟೇಪ್‌ರೆಕಾರ್ಡರ್, ಸೆಂಟು ತಂದರೆ ಇವರು ನೂರು ಚಿಲ್ಲರೆ ವರ್ಷ ಹಿಂದೆ ಸತ್ತವರ ಗುಂಡಿ ತಂದರು ಎಂದು ಬಾಯಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಾನೂ ಒಮ್ಮೆ ಕೇಳಿದ್ದೆ, ಯಾರದೋ ಊರಿನ ಯುದ್ಧ ನಿಮಗೆ ಯಾಕೆ ಎಂದು.

“ಅಣ್ಣ ತಮ್ಮ ಹೊಡೆದಾಡಿದ ಯುದ್ಧ ಅಲ್ವಾ ಅದು. ಅದು ಎಲ್ಲಾ ಊರಿನಲ್ಲಿಯೂ ಉಂಟು” ಎಂದಿದ್ದರು.

ಅವರ ಮನೆಯಲ್ಲಿಯೂ ಇತ್ತು. ಪೊರ್ಬುಗಳ ಅಣ್ಣ ಬಜಪೆಯಲ್ಲಿದ್ದರು. ನಿವೃತ್ತ ಹೆಡ್ಮಾಸ್ಟರು, ಇಸ್ತ್ರಿ ಹಾಕಿದ ಬಿಳಿ ಅಂಗಿ, ತೂಗಿ ತೂಗಿ ಆಡುವ ಮಾತು. ನಾಣ್ಯ, ಅಂಚೆಚೀಟಿ, ಹಳೆ ವಸ್ತು ಕೂಡಿಸುವವರ ಒಂದು ಸಂಘಕ್ಕೆ ಅವರೇ ಅಧ್ಯಕ್ಷರು. ಆ ಸಂಘದ ವಾರ್ಷಿಕ ಪ್ರದರ್ಶನದಲ್ಲಿ ಹಿಂದಿನ ವರ್ಷ ತಮ್ಮನಿಗೆ ಟೇಬಲ್ಲನ್ನೇ ಕೊಟ್ಟಿರಲಿಲ್ಲ. ಪೊರ್ಬುಗಳು ಜೀವದ ಹಾಗೆ ಇಟ್ಟುಕೊಂಡಿದ್ದ ಸಿಪಾಯಿಯ ಬೆಲ್ಟಿನ ಬಕಲನ್ನು ಕೈಯಲ್ಲಿ ಹಿಡಿದು, ನಾಲ್ಕು ಜನರ ಎದುರು, ಇದು ಪ್ರವಾಸಿಗಳಿಗೆ ಮಾರುವ ನಕಲಿ, ಹತ್ತನೇ ಫೇಲಾಗಿ ಹಡಗು ಹತ್ತಿದವನಿಗೆ ಚರಿತ್ರೆ ಎಲ್ಲಿಂದ ತಿಳಿಯಬೇಕು ಎಂದುಬಿಟ್ಟಿದ್ದರು. ಪೊರ್ಬುಗಳು ಆ ಮಾತನ್ನು ಒಂದು ವರ್ಷ ನುಂಗಿಕೊಂಡೇ ಇದ್ದರು. ಅವರಿಗೆ ಬಹುಮಾನ ಬೇಡವಾಗಿತ್ತು. ನೀನು ಹೇಳಿದ್ದು ಸರಿ ಎಂದು ಅಣ್ಣನ ಬಾಯಿಂದ ಒಂದು ಸಲ ಬರಬೇಕಿತ್ತು, ಅಷ್ಟೇ.

ಈ ವರ್ಷ ಹೊರಗಿನಿಂದ ತೀರ್ಪುಗಾರರು ಬರುತ್ತಾರೆ ಎಂದು ತಿಳಿದು ಹಟ ಹಿಡಿದು ಮೂಲೆಯ ಒಂದು ಟೇಬಲ್ ಪಡೆದರು. ಪ್ರದರ್ಶನದ ಹಿಂದಿನ ದಿನ ಅವರ ಮನೆಗೆ ಸುಣ್ಣ ಹೊಡೆಯುವವರು ಬಂದಿದ್ದರು. ಧೂಳು ಬೀಳುತ್ತದೆಂದು ಬಕಲಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಇಬ್ಬರೂ ಯಾವುದೋ ಮದುವೆಗೆ ಹೋದರು.

ನಾನು ಪೆಟ್ಟಿಗೆ ತೆರೆದು ನೋಡಿದೆ. ಮೊಟ್ಟೆಯಾಕಾರದ ಹಿತ್ತಾಳೆ ಬಿಲ್ಲೆ, ಅದರ ಮೇಲೆ ದೇಶದ ಹೆಸರಿನ ಎರಡು ಅಕ್ಷರ. ಕರ್ರಗೆ, ವರ್ಷಗಟ್ಟಲೆ ಮುಟ್ಟದ ದೀಪದ ಹಾಗಿತ್ತು. ನಮ್ಮಲ್ಲಿ ಹಿತ್ತಾಳೆಯದ್ದು ಯಾವುದೇ ಆಗಲಿ, ನಾಲ್ಕು ಜನರ ಮುಂದೆ ಹೋಗುವುದಿದ್ದರೆ ಉಜ್ಜದೆ ಕಳಿಸುವ ಕ್ರಮ ಇಲ್ಲ. ಪಾಪ, ಗಂಡಸರು, ಇವರಿಗೆಲ್ಲಿ ತೋಚಬೇಕು ಎಂದುಕೊಂಡೆ. ಬಾವಿಕಟ್ಟೆಯ ಹತ್ತಿರ ಬಿಂಬುಳಿ ಮರವೇ ಇತ್ತು. ಆರು ಕಾಯಿ ಜಜ್ಜಿ, ಬೂದಿ ಸೇರಿಸಿ, ತೆಂಗಿನ ನಾರಿನಲ್ಲಿ ಹಿಂದೆ ಮುಂದೆ ಉಜ್ಜಿದೆ ನೋಡಿ... ತೊಳೆದು ಬಿಸಿಲಿಗೆ ಹಿಡಿದರೆ ಬಂಗಾರವೇ! ನನಗೆ ನನ್ನ ಮೇಲೆ ಬಹಳ ಹೆಮ್ಮೆಯಾಯಿತು.

ಮಧ್ಯಾಹ್ನ ಪೊರ್ಬುಗಳು ಬಂದರು. ನಾನು ತಟ್ಟೆಯ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಬಕಲ್ ಇಟ್ಟು ಕೊಟ್ಟೆ. ಅವರ ಮುಖದ ಬಣ್ಣವೇ ಹೋಯಿತು.

“ಎಂತ ಮಾಡಿದ್ದು ಮಾರಾಯ್ತಿ ನೀನು?”

“ಬಿಂಬುಳಿ ಹಾಕಿ ಉಜ್ಜಿದೆ ಪೊರ್ಬುಗಳೇ. ತುಂಬಾ ಕೊಳೆ ಇತ್ತು.”

“ಅದು ಕೊಳೆ ಅಲ್ಲ. ಅದೇ ಅದರ ಪ್ರಾಯ.”

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಜಗಲಿಯ ಮೆಟ್ಟಿಲಿನಲ್ಲಿ ಕೂತುಬಿಟ್ಟರು. ಹಳೆಯ ಲೋಹದ ಆ ಕಪ್ಪು ಪದರವೇ ಅದು ಅಸಲಿ ಎನ್ನುವುದಕ್ಕೆ ಇದ್ದ ಸಾಕ್ಷಿ, ಅದನ್ನು ನಾನು ಅರ್ಧ ಗಂಟೆಯಲ್ಲಿ ಬಚ್ಚಲಿಗೆ ಹರಿಸಿದ್ದೆ ಎಂದು ಬಾಯಮ್ಮ ವಿವರಿಸಿದಾಗ ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಾನು ಅತ್ತೆ. ಬಾಯಮ್ಮನೂ ಅತ್ತರು. ಸುಣ್ಣ ಹೊಡೆಯುವವರು ಕೆಲಸ ನಿಲ್ಲಿಸಿ ನೋಡಿದರು.

ಪೊರ್ಬುಗಳು ಮಾತ್ರ ಬಕಲನ್ನು ಸುಮ್ಮನೆ ಕೈಯಲ್ಲಿ ತಿರುವುತ್ತಿದ್ದರು. ಹಾಗೆ ತಿರುವುತ್ತ ಹಿಂಬದಿಗೆ ಬಂದಾಗ ಕೈ ನಿಂತಿತು. ಹಿಂಬದಿಗೆ ಸೀಸ ತುಂಬಿತ್ತು. ನಾನು ಅದನ್ನೂ ಬಿಟ್ಟಿರಲಿಲ್ಲ. ಮೇಲಿನ ಕೊಳೆಯೆಲ್ಲ ಹೋಗಿ ಸೀಸ ಬೂದುಬಣ್ಣಕ್ಕೆ ಬಂದಿತ್ತು, ಆದರೆ ಗೀರುಗಳ ಆಳದಲ್ಲಿದ್ದ ಕೊಳೆ ಅಲ್ಲೇ ಉಳಿದು ಕಪ್ಪಗೆ ಎದ್ದು ಕಾಣುತ್ತಿತ್ತು. ಒಳಗೆ ಓಡಿ ಭೂತಗನ್ನಡಿ ತಂದರು. ಗೀರುಗಳಲ್ಲ ಅವು, ಅಕ್ಷರಗಳು. ಯಾವನೋ ಸಿಪಾಯಿ ಚೂರಿಯ ಮೊನೆಯಿಂದ ಸೊಟ್ಟಸೊಟ್ಟಗೆ ಕೊರೆದ ತನ್ನ ಹೆಸರು, ಕೆಳಗೆ ಅವನ ಸೇನಾದಳದ ಗುರುತು. ಹದಿನೆಂಟು ವರ್ಷ ಜೊತೆಗಿಟ್ಟುಕೊಂಡೂ ಅವರು ಕಾಣದ ಹೆಸರು!

“ಬಾ ಇಲ್ಲಿ, ಓದು! ಓದು ಮಾರಾಯ್ತಿ!” ಎಂದು ಕೂಗಿ ಅಂಗಳದಲ್ಲಿ ಕುಣಿದೇಬಿಟ್ಟರು.

ಮರುದಿನ ನನ್ನನ್ನೂ ಕರೆದುಕೊಂಡೇ ಹೋದರು. ಬಕಲನ್ನು ಬೋರಲಾಗಿ, ಹಿಂಬದಿ ಮೇಲೆ ಬರುವ ಹಾಗೆ ಇಟ್ಟರು. ಅಣ್ಣ ಬಂದರು, ಎತ್ತಿ ಮಗುಚಿ ನೋಡಿದರು, ಮಿರಮಿರ ಮಿಂಚುವ ಹಿತ್ತಾಳೆ ಕಂಡು ತುಟಿಯಲ್ಲೇ ನಕ್ಕರು.

“ನಾನು ಹೋದ ವರ್ಷವೇ ಹೇಳಿದ್ದೆ. ಈಗ ಎಲ್ಲರಿಗೂ ಕಾಣ್ತದೆ.”

“ಹೆಸರು ಉಂಟು, ನೋಡು.”

“ಹೆಸರು ನಾನೂ ಮೊಳೆಯಲ್ಲಿ ಕೊರೆದು ಕೊಡ್ತೇನೆ.”

ಅಷ್ಟರಲ್ಲಿ ತೀರ್ಪುಗಾರರು ಬಂದರು. ವಸ್ತುಸಂಗ್ರಹಾಲಯದಲ್ಲಿ ದುಡಿದು ನಿವೃತ್ತರಾಗಿದ್ದ ಒಬ್ಬ ಗಟ್ಟಿ ಹೆಂಗಸು. ಬಕಲ್ ನೋಡಿದವರೇ, ಇದನ್ನು ಉಜ್ಜಿದ್ದು ಯಾರು ಎಂದು ಕೇಳಿದರು. ನಾನು ಕೈ ಎತ್ತಿ, ಬಿಂಬುಳಿಯಲ್ಲಿ ಎಂದೆ. ಹಳೆ ವಸ್ತುವಿಗೆ ಹುಳಿ ತಾಗಿಸುತ್ತಾರೇನಮ್ಮ ಎಂದು ಎಲ್ಲರೆದುರು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಆಮೇಲೆ ತಮ್ಮ ಮಸೂರ ತೆಗೆದು ಹಿಂಬದಿಯನ್ನು ಬಹಳ ಹೊತ್ತು ನೋಡಿದರು.

“ಹೆಡ್ಮಾಸ್ಟ್ರೇ, ಬನ್ನಿ” ಎಂದರು ಆಕೆ. “ಹೊಸದಾಗಿ ಕೊರೆದರೆ ಗೀರಿನ ಅಂಚು ಚೂಪಾಗಿರುತ್ತದೆ, ಒಳಗೆ ಸೀಸ ಹೊಳೆಯುತ್ತದೆ. ಇಲ್ಲಿ ಅಂಚೆಲ್ಲ ಸವೆದಿದೆ. ಕೊಳೆ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿದೆ. ಅದಕ್ಕೇ ಉಜ್ಜಿದರೂ ಬಂದಿಲ್ಲ. ಸೀಸ ತುಂಬಿದ ರೀತಿ, ಕೊಕ್ಕೆಯ ಕೆಲಸ, ಎಲ್ಲವೂ ಆ ಕಾಲದ್ದೇ.”

ಅಣ್ಣ ಕನ್ನಡಕ ತೆಗೆದು, ಮಸೂರಕ್ಕೆ ಕಣ್ಣಿಟ್ಟರು. ನೋಡಿದರು. ಮತ್ತೊಮ್ಮೆ ನೋಡಿದರು. ಅವರೂ ಮೇಷ್ಟ್ರಲ್ಲವೇ, ಕಣ್ಣಿಗೆ ಕಂಡದ್ದನ್ನು ಇಲ್ಲ ಎನ್ನುವ ಜನ ಅಲ್ಲ.

“ಅಸಲಿ” ಎಂದರು. ತಮ್ಮನ ಕಡೆ ತಿರುಗಿ, “ನೀನು ಹೇಳಿದ್ದು ಸರಿ.”

ಪೊರ್ಬುಗಳು ವಿನಯ ತೋರಿಸಬಹುದಿತ್ತು. ತೋರಿಸಲೇ ಇಲ್ಲ! ಬಕಲ್ ಹಿಡಿದು ಸಭಾಂಗಣವಿಡೀ ಸುತ್ತಿದರು. ಸಿಕ್ಕಿದವರಿಗೆಲ್ಲ “ಹತ್ತನೇ ಫೇಲ್ ಮಾರಾಯ್ರೆ, ಹತ್ತನೇ ಫೇಲ್!” ಎಂದು ತಮ್ಮ ಪರಿಚಯ ಹೇಳಿಕೊಂಡರು. ಮೂಲೆಯ ಟೇಬಲ್ಲನ್ನು ಬಾಗಿಲ ಎದುರಿಗೇ ತಂದಿಡಿಸಿದರು. ಅದರ ಒಂದು ಕಾಲನ್ನು ಹಿಡಿದದ್ದು ಹೆಡ್ಮಾಸ್ಟರೇ. ಸಂಜೆ ಪೆಟ್ಟಿಗೆಗಳನ್ನು ರಿಕ್ಷಾಕ್ಕೆ ಹೊತ್ತು ತಂದವರೂ ಅವರೇ, ರಿಕ್ಷಾ ಹತ್ತಿ ತಮ್ಮನ ಮನೆಗೆ ಊಟಕ್ಕೆ ಬಂದವರೂ ಅವರೇ. ಆಮೇಲೆ ಬಾಯಮ್ಮ ಭಾನುವಾರ ಅಡುಗೆ ಮಾಡುವಾಗ ಒಬ್ಬರಿಗೆ ಹೆಚ್ಚಿಗೆ ಮಾಡತೊಡಗಿದರು. ಬಹಳ ಜನ ಗೆದ್ದದ್ದನ್ನು ನಾನು ನೋಡಿದ್ದೇನೆ. ಆದರೆ ಆ ದಿನ ಪೊರ್ಬುಗಳು ನಕ್ಕ ಹಾಗೆ ಯಾರೂ ನಕ್ಕದ್ದನ್ನು ನೋಡಿಲ್ಲ.

ಪೊರ್ಬುಗಳು ತೀರಿಕೊಂಡು ಏಳು ವರ್ಷವಾಯಿತು, ಮರುವರ್ಷವೇ ಬಾಯಮ್ಮನೂ ಹೋದರು. ಹೆಂಚಿನ ಮನೆ, ನಮ್ಮ ಬಾಡಿಗೆ ಮನೆ ಎರಡೂ ಈಗಿಲ್ಲ, ಅಲ್ಲಿ ಎಂಟು ಮಾಳಿಗೆಯ ಕಟ್ಟಡ ಎದ್ದಿದೆ. ಪೊರ್ಬುಗಳ ಸಂಗ್ರಹವನ್ನು, ಮದುವೆಯಾಗಿ ಬೇರೆ ಊರಿನಲ್ಲಿದ್ದ ಅವರ ಮಗಳು ಒಂದು ಕಾಲೇಜಿಗೆ ಕೊಟ್ಟಳು. ಪೊರ್ಬುಗಳಿಲ್ಲದ ಫಳ್ನೀರಿಗೆ ಹೋಗುವುದೆಂದರೆ ನನಗೆ ಈಗಲೂ ಸಂಕಟ...

ಬಿಂಬುಳಿ ಹೆಚ್ಚಿದ ಮರುದಿನ ತಡೆಯದೆ ಬಜಪೆಗೆ ಹೋದೆ. ಹೆಡ್ಮಾಸ್ಟರಿಗೆ ಈಗ ತೊಂಬತ್ತು ದಾಟಿದೆ. ಸೊಸೆಯ ಹೆಸರೂ ನೆನಪಿಲ್ಲ, ನನ್ನನ್ನಂತೂ ಗುರುತಿಸಲೇ ಇಲ್ಲ. ಎಲ್ಲಿಂದ ಬಂದದ್ದು ಎಂದು ಕೇಳಿದರು. ಪಡೀಲು ಎಂದೆ.

“ಫಳ್ನೀರಿನ ದಾರಿಯಲ್ಲಿ ಹೋಗುವುದುಂಟಾ ನೀವು?”

“ಉಂಟು.”

“ಅಲ್ಲಿ ನನ್ನ ತಮ್ಮ ಇದ್ದಾನೆ. ಅವನ ಹತ್ತಿರ ಒಂದು ಬೆಲ್ಟಿನ ಬಕಲ್ ಉಂಟು, ಒಮ್ಮೆ ಹೋಗಿ ನೋಡಿ. ಅಸಲಿ. ನಾನು ಹೇಳಿದೆ ಅಂತ ಅವನಿಗೆ ಹೇಳಿ, ಅವನಿಗೆ ಖುಷಿ ಆಗ್ತದೆ.”

“ಹೇಳ್ತೇನೆ” ಎಂದೆ.